ತಿನ್ನಲ್ಲ ಅನ್ನೋರಿಗೆ ಬಾಳೆಹಣ್ಣು, ತಿನ್ನಬಾರದವರಿಗೆ?

  ಇವತ್ತಿನ ಎಪಿಸೋಡ್ ಸರ್ಕಾರಿ ಶಾಲೆಯ ಊಟದ ತಟ್ಟೆಯ ಇತಿಹಾಸ. ಆದರೆ ಅದನ್ನು ಒಂದೇ ಒಂದು ಪ್ರಶ್ನೆ ಹಿಡ್ಕೊಂಡು ನೋಡೋಣ. ಎಲ್ಲ ಮಕ್ಕಳಿಗೂ ಒಳ್ಳೇದಾಗೋ ಊಟ ಒಂದು ಮಗುವಿನ ಜೀವಕ್ಕೇ ಕುತ್ತು ತಂದರೆ, ಆ ಮಗುವನ್ನು ಕಾಯೋರು ಯಾರು?

ನಾನು ಹೇಳ್ತಿರೋದು ಕೆಟ್ಟ ಊಟದ ಬಗ್ಗೆ ಅಲ್ಲ, ಹಲ್ಲಿ ಬಿದ್ದ ಸಾಂಬಾರ್ ಬಗ್ಗೆ ಅಲ್ಲ. ಒಳ್ಳೆಯ, ಬಿಸಿಬಿಸಿ, ಶುದ್ಧ ಊಟದ ಬಗ್ಗೆ. ಒಂದು ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು, ಒಂದು ತುಂಡು ಶೇಂಗಾ ಚಿಕ್ಕಿ. ನೂರು ಹುಡುಗರು ತಿಂದು ಆಟಕ್ಕೆ ಓಡ್ತಾರೆ. ಒಬ್ಬನಿಗೆ ತುಟಿ ಊದಿಕೊಳ್ಳುತ್ತೆ, ಮೈತುಂಬಾ ದದ್ದು ಏಳ್ತಾವೆ, ಗಂಟಲು ಬಿಗಿಯುತ್ತೆ, ಉಸಿರು ಸಿಗಲ್ಲ. ಇದಕ್ಕೆ ಡಾಕ್ಟರು ಹೇಳೋ ಹೆಸರು ಅನಾಫಿಲ್ಯಾಕ್ಸಿಸ್. ಅಲರ್ಜಿಯ ಅತಿ ತೀವ್ರ ರೂಪ ಇದು.

ಒಗ್ಗೋದಿಲ್ಲ ಅನ್ನೋ ಹಳೇ ಮಾತು, ಅಲರ್ಜಿ ಅನ್ನೋ ಹೊಸ ಪದ

ನಮ್ಮ ಕಡೆ ಅಜ್ಜಿಯರು ಅಲರ್ಜಿ ಅನ್ನೋ ಪದ ಬಳಸಲ್ಲ. "ಅವನಿಗಿ ಬದನಿಕಾಯಿ ಆಗಂಗಿಲ್ಲ", "ಆಕಿಗಿ ಶೇಂಗಾ ಒಗ್ಗಂಗಿಲ್ಲ" ಅಂತಾರೆ. ಮೈಮೇಲೆ ದದ್ದು ಎದ್ದರೆ ಪಿತ್ತದ ಗಂಧೆ. ಅಂದರೆ ಒಬ್ಬರಿಗೆ ಊಟ ಇನ್ನೊಬ್ಬರಿಗೆ ವಿಷ ಆಗಬಹುದು ಅನ್ನೋ ತಿಳಿವಳಿಕೆ ಮನೆಯೊಳಗೆ ಮೊದಲಿಂದಲೂ ಇತ್ತು. ಇಲ್ಲದಿದ್ದದ್ದು ಅದು ಯಾಕೆ ಹಿಂಗಾಗುತ್ತೆ ಅನ್ನೋ ವಿವರಣೆ.

ವಿವರಣೆ ಶುರುವಾದದ್ದು ಒಂದು ಹಡಗಿನಲ್ಲಿ. 1901ರಲ್ಲಿ ಮೊನಾಕೊ ರಾಜ ಒಂದನೇ ಆಲ್ಬರ್ಟ್‌ನ ಹಡಗಿನಲ್ಲಿ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಸಮುದ್ರ ಜೀವಿಗಳ ವಿಷ ಅಭ್ಯಾಸ ಮಾಡ್ತಿದ್ದರು. ಪ್ಯಾರಿಸ್‌ಗೆ ವಾಪಸ್ ಬಂದ ಮೇಲೆ ನಾಯಿಗಳಿಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು ನೋಡಿದರು. ಮೊದಲ ಸಲ ಕೊಟ್ಟರೆ ಎರಡನೇ ಸಲಕ್ಕೆ ದೇಹ ಗಟ್ಟಿಯಾಗಿರುತ್ತೆ ಅಂತ ಅವರ ಅಂದಾಜು. ಆದದ್ದು ಉಲ್ಟಾ. ಮೊದಲ ಸಲ ಆರಾಮಾಗಿದ್ದ ನಾಯಿ, ವಾರಗಳ ನಂತರ ತೀರಾ ಸಣ್ಣ ಪ್ರಮಾಣ ಕೊಟ್ಟಾಗ ನಿಮಿಷಗಳಲ್ಲಿ ಸತ್ತುಹೋಯಿತು. 1902ರಲ್ಲಿ ಅವರು ಇದಕ್ಕೆ ಅನಾಫಿಲ್ಯಾಕ್ಸಿಸ್ ಅಂತ ಹೆಸರಿಟ್ಟರು. ರಿಶೆಗೆ 1913ರಲ್ಲಿ ನೊಬೆಲ್ ಬಂತು. ಅಲರ್ಜಿ ಅನ್ನೋ ಪದ ಕೊಟ್ಟದ್ದು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, 1906ರಲ್ಲಿ. ಇದಕ್ಕೆಲ್ಲ ಕಾರಣವಾಗುವ ರಕ್ತದ ಅಂಶ, ಐಜಿಇ ಎಂಬ ಪ್ರತಿಕಾಯ, ಸಿಕ್ಕಿದ್ದು 1966-67ರಲ್ಲಿ.

ಇನ್ನೊಂದು ಕಡೆ, ಇದೇ ಹೊತ್ತಿಗೆ, 1901ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಜೋಕಿಚಿ ತಕಮಿನೆ ಅಡ್ರಿನಲಿನ್ ಅನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದರು. ಅಂದರೆ ಕಾಯಿಲೆಗೆ ಹೆಸರು ಬೀಳೋ ಮುಂಚೆನೇ ಅದರ ಮದ್ದು ಸಿಕ್ಕಿತ್ತು. ಇವತ್ತಿಗೂ ಅನಾಫಿಲ್ಯಾಕ್ಸಿಸ್‌ಗೆ ಮೊದಲ ಮದ್ದು ಅದೇ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ನಮ್ಮ ತಟ್ಟೆಗೆ ಬಂದದ್ದು ಏನೇನು

ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರಿದ್ದರೆ "ಕೇರ್ ಉಪ್ಪಿಟ್ಟು" ಅಂತ ಕೇಳಿ ನೋಡಿ, ಮುಖ ಅರಳುತ್ತೆ. ಅಮೆರಿಕದ ಕೇರ್ ಸಂಸ್ಥೆ ಕಳಿಸ್ತಿದ್ದ ಗೋಧಿ ನುಚ್ಚು, ಎಣ್ಣೆ, ಹಾಲಿನ ಪುಡಿಯಿಂದ ಶಾಲೆಗಳಲ್ಲಿ ಉಪ್ಪಿಟ್ಟು, ಹಾಲು ಮಾಡಿ ಕೊಡ್ತಿದ್ದರು. ಹಸಿವಿನ ಕಾಲ ಅದು. ಹೊಟ್ಟೆಗೆ ಬಿದ್ದರೆ ಸಾಕು ಅನ್ನೋ ಪರಿಸ್ಥಿತಿಯಲ್ಲಿ ಯಾರಿಗೆ ಏನು ಒಗ್ಗಲ್ಲ ಅನ್ನೋ ಪ್ರಶ್ನೆ ಏಳೋದೇ ಇಲ್ಲ.

1995ರ ಆಗಸ್ಟ್ 15ಕ್ಕೆ ಕೇಂದ್ರ ಸರ್ಕಾರದ ಯೋಜನೆ ಬಂತು. ಆದರೆ ಬಹಳ ರಾಜ್ಯಗಳಲ್ಲಿ ಅಡುಗೆ ಮಾಡಿ ಬಡಿಸ್ತಿರಲಿಲ್ಲ. ಶೇಕಡಾ 80 ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕೆ.ಜಿ. ಧಾನ್ಯ ಕೊಟ್ಟು ಮನೆಗೆ ಕಳಿಸ್ತಿದ್ದರು. ಆಗ ಅಡುಗೆ ಅಮ್ಮನದೇ. ಮಗನಿಗೆ ಏನು ಆಗಲ್ಲ ಅಂತ ಆಕೆಗೆ ಗೊತ್ತು.

2001ರ ನವೆಂಬರ್ 28ರಂದು ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಾಲೆಯಲ್ಲೇ ಬೇಯಿಸಿದ ಊಟ ಕೊಡಬೇಕು ಅಂತ ಆದೇಶ ಮಾಡಿತು. ಕರ್ನಾಟಕ ಇದನ್ನು ಮೊದಲು ಶುರು ಮಾಡಿದ್ದು ನಮ್ಮ ಕಡೆಯಿಂದಲೇ. 2002ರ ಜೂನ್‌ನಲ್ಲಿ ಆಗಿನ ಗುಲ್ಬರ್ಗಾ ಸೇರಿ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಉಳಿದ ಜಿಲ್ಲೆಗಳಿಗೆ ಹೋಗಿದ್ದು 2003ರಲ್ಲಿ. ಇಲ್ಲಿ ದೊಡ್ಡ ಬದಲಾವಣೆ ಏನಂದ್ರೆ, ಅಮ್ಮನ ಕೈಯಲ್ಲಿದ್ದ ಸೌಟು ಶಾಲೆಯ ಅಡುಗೆ ಸಿಬ್ಬಂದಿಯ ಕೈಗೆ ಹೋಯಿತು. ಸೌಟಿನ ಜೊತೆ ಆಕೆಗೆ ಗೊತ್ತಿದ್ದ ಮಾಹಿತಿ ಹೋಗಲಿಲ್ಲ.

ಆಮೇಲೆ ತಟ್ಟೆ ತುಂಬುತ್ತಾ ಬಂತು. 2013ರ ಆಗಸ್ಟ್ 1ಕ್ಕೆ ಕ್ಷೀರ ಭಾಗ್ಯ, ಪ್ರತಿ ಮಗುವಿಗೆ 150 ಮಿ.ಲೀ. ಹಾಲು. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ, ಅದೂ ಮೊದಲು ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು ಮುಂತಾದ ಜಿಲ್ಲೆಗಳಿಗೆ. ಯಾಕಂದ್ರೆ ಅಪೌಷ್ಟಿಕತೆ ಇಲ್ಲೇ ಹೆಚ್ಚು. 2024ರಲ್ಲಿ ರಾಗಿ ಹೆಲ್ತ್ ಮಿಕ್ಸ್. ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ ಒಪ್ಪಂದವಾಗಿ ಮೊಟ್ಟೆ ವಾರಕ್ಕೆ 6 ದಿನ ಆಯಿತು, ಸುಮಾರು 55 ಲಕ್ಷ ಮಕ್ಕಳಿಗೆ.

ಮೊಟ್ಟೆ ಬಂದಾಗ ಆದ ಗಲಾಟೆ ನಿಮಗೆ ನೆನಪಿರಬೇಕು. ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಕೇ ಬೇಕು ಅಂತ ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿನಿಯರು ಮಾತಾಡಿದ ವಿಡಿಯೋ ವೈರಲ್ ಆಯಿತು. ಸರ್ಕಾರ ಕಂಡುಕೊಂಡ ದಾರಿ ಸರಳ: ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಇಲ್ಲಾ ಶೇಂಗಾ ಚಿಕ್ಕಿ. ಶಾಲೆಗಳಲ್ಲಿ ಯಾರು ತಿಂತಾರೆ, ಯಾರು ತಿನ್ನಲ್ಲ ಅಂತ ಪಟ್ಟಿ ಬಂತು.

ಇಲ್ಲಿ ಸ್ವಲ್ಪ ನಿಲ್ಲಿ. ಕಾಮರ್ಸ್ ಓದಿದವನಿಗೆ ಪಟ್ಟಿ, ರಿಜಿಸ್ಟರ್, ಕಾಲಂ ಕಂಡರೆ ಕಣ್ಣು ಅಲ್ಲೇ ಹೋಗುತ್ತೆ. ಈ ಪಟ್ಟಿಯಲ್ಲಿ ಎರಡೇ ಉತ್ತರ. ತಿಂತೀನಿ, ತಿನ್ನಲ್ಲ. "ತಿನ್ನಲ್ಲ" ಅನ್ನೋದರ ಹಿಂದೆ ಮನೆಯ ಪದ್ಧತಿ ಇದೆ, ನಂಬಿಕೆ ಇದೆ. ಅದಕ್ಕೆ ಗೌರವ ಕೊಟ್ಟದ್ದು ಸರಿ. ಆದರೆ "ತಿಂದರೆ ಉಸಿರು ನಿಲ್ಲುತ್ತೆ" ಅನ್ನೋ ಮೂರನೇ ಉತ್ತರಕ್ಕೆ ಅದರಲ್ಲಿ ಜಾಗ ಇಲ್ಲ. ಮೊಟ್ಟೆ ಅಲರ್ಜಿ ಇರೋ ಮಗು "ತಿನ್ನಲ್ಲ" ಪಟ್ಟಿಯೊಳಗೇ ಸೇರಿಕೊಂಡು ಹೇಗೋ ಬಚಾವಾಗುತ್ತೆ. ಶೇಂಗಾ ಅಲರ್ಜಿ ಇರೋ ಮಗುವಿನ ಕಥೆ ಬೇರೆ. ಅದರ ಮನೆಯವರು ಮೊಟ್ಟೆ ತಿನ್ನದವರಾಗಿದ್ದರೆ, ಸುರಕ್ಷಿತ ಅಂತ ಕೊಟ್ಟ ಚಿಕ್ಕಿಯೇ ಅಪಾಯ.

2025ರಲ್ಲಿ ಚಿಕ್ಕಿ ನಿಲ್ಲಿಸಿದರು. ಗುಣಮಟ್ಟ ಸರಿಯಿಲ್ಲ, ಸಕ್ಕರೆ ಮತ್ತು ಕೊಬ್ಬು ಹೆಚ್ಚು, ಸಂಗ್ರಹಣೆ ಸರಿಯಿಲ್ಲ ಅನ್ನೋ ಕಾರಣಕ್ಕೆ. ಅಲರ್ಜಿ ಆ ಲೆಕ್ಕದಲ್ಲಿ ಬರಲೇ ಇಲ್ಲ.

ರುಚಿ ನೋಡಿದರೆ ಗೊತ್ತಾಗೋದು ಏನು, ಗೊತ್ತಾಗದ್ದು ಏನು

ಶಾಲೆಯ ಊಟದ ಸುರಕ್ಷತೆ ಅಂದ ಕೂಡಲೇ ದೇಶಕ್ಕೆಲ್ಲ ನೆನಪಾಗೋದು 2013ರ ಜುಲೈ 16. ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಊರಿನ ಶಾಲೆಯಲ್ಲಿ ಅಡುಗೆಗೆ ಕೀಟನಾಶಕ ಸೇರಿ 23 ಮಕ್ಕಳು ಸತ್ತರು. ಅದಾದ ಮೇಲೆ ರುಚಿ ನೋಡೋ ನಿಯಮ ಎಲ್ಲ ಕಡೆ ಬಿಗಿಯಾಯಿತು. ಮಕ್ಕಳಿಗೆ ಬಡಿಸೋ ಮುಂಚೆ ಶಿಕ್ಷಕರೂ ಸೇರಿ ದೊಡ್ಡವರು ತಿಂದು ನೋಡಬೇಕು. 2015ರ ಮಧ್ಯಾಹ್ನದ ಊಟದ ನಿಯಮಗಳಲ್ಲೂ ಅದು ಬಂತು. ಇವತ್ತು ನೀವು ಯಾವುದೇ ಸರ್ಕಾರಿ ಶಾಲೆಗೆ ಹೋದರೂ ರುಚಿ ನೋಡಿದ ರಿಜಿಸ್ಟರ್ ಸಿಗುತ್ತೆ.

ಒಳ್ಳೆಯ ನಿಯಮ. ಆದರೆ ಅದರ ಲಾಜಿಕ್ ಗಮನಿಸಿ. ಊಟ ಕೆಟ್ಟಿದ್ದರೆ ಎಲ್ಲರಿಗೂ ಕೆಟ್ಟದ್ದು, ಆದ್ದರಿಂದ ಒಬ್ಬರು ತಿಂದು ನೋಡಿದರೆ ಎಲ್ಲರ ಪರವಾಗಿ ಗೊತ್ತಾಗುತ್ತೆ. ಅಲರ್ಜಿಯಲ್ಲಿ ಈ ಲಾಜಿಕ್ ಪೂರ್ತಿ ಬಿದ್ದುಹೋಗುತ್ತೆ. ಹೆಡ್‌ಮಾಸ್ತರು ತಿಂದು "ಚಲೋ ಆಗ್ಯಾದ" ಅಂತ ಸಹಿ ಹಾಕಿದ ಊಟವೇ ಆ ಒಂದು ಮಗುವಿಗೆ ಆಗಬಾರದ್ದು. ನಮ್ಮ ಶಾಲೆಗಳ ಸುರಕ್ಷತಾ ವ್ಯವಸ್ಥೆ ಇಡೀ ಪಾತ್ರೆಯನ್ನು ಪರೀಕ್ಷೆ ಮಾಡುತ್ತೆ, ಮಗುವನ್ನು ಕೇಳೋದಿಲ್ಲ.

ಕಮಲಾಪುರದ ಬಾಳೆ, ದಾಸೋಹದ ಪಂಕ್ತಿ

ಈ ಎಪಿಸೋಡ್‌ಗೆ ಅಂತ ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗಿದ್ದೆ. ಸುಮಾರು 35 ಕಿಲೋಮೀಟರ್. ಕಮಲಾಪುರ ಅಂದರೆ ಕೆಂಪು ಬಾಳೆ. ಜಿಐ ಟ್ಯಾಗ್ ಸಿಕ್ಕಿರೋ ಹಣ್ಣು, ಸಿಪ್ಪೆ ಕೆಂಪು, ಒಳಗೆ ಕೆನೆ ಬಣ್ಣ, ರೇಟು ಸ್ವಲ್ಪ ಜಾಸ್ತಿ. ಶಾಲೆಯ ತಟ್ಟೆಗೆ ಅದು ಬರಲ್ಲ ಬಿಡಿ, ಅಲ್ಲಿ ಬರೋದು ಮಾಮೂಲಿ ಬಾಳೆ.

ಆ ಭಾಗದ ಒಂದು ಹಳ್ಳಿಯಲ್ಲಿ ಬಿಸಿಯೂಟದ ಅಡುಗೆ ಮಾಡೋ ಅಕ್ಕನ ಜೊತೆ ಮಾತಾಡಿದೆ. ಮಕ್ಕಳಲ್ಲಿ ಯಾರಿಗಾದರೂ ಏನಾದರೂ ಒಗ್ಗಲ್ಲ ಅಂತ ನಿಮಗೆ ಗೊತ್ತಿದೆಯಾ ಅಂತ ಕೇಳಿದೆ. ಆಕೆ ನಕ್ಕು ಅಂದರು, "ತಮ್ಮಾ, ನನಗ್ ಹುಡುಗ್ರ ಎಣಿಕಿ ಹೇಳ್ತಾರ. ಇವತ್ತ್ ಎಷ್ಟ್ ಮಂದಿ ಬಂದಾರ, ಎಷ್ಟ್ ತತ್ತಿ ಕುದಿಸ್ಬೇಕು ಅಂತ. ಯಾರಿಗಿ ಏನ್ ಆಗಂಗಿಲ್ಲ ಅಂತ ಯಾರ್ ಹೇಳ್ತಾರ?" ಆಮೇಲೆ ಸ್ವಲ್ಪ ಸುಮ್ಮನಿದ್ದು, "ಒಂದ್ ಹುಡುಗಿ ಅದಾಳ. ಹಾಲ್ ಕುಡದ್ರ ಮೈಯೆಲ್ಲಾ ಉಬ್ತದ. ಅವರವ್ವ ನನ್ನ ಓಣಿದಾಕಿ, ಅದಕ್ಕ ನನಗ್ ಗೊತ್ತು. ಆಕಿ ಲೋಟ ನಾ ಖಾಲಿ ಇಡ್ತೀನಿ" ಅಂದರು.

ಆ ಹುಡುಗಿಯನ್ನು ಕಾಯ್ತಿರೋದು ಯಾವ ಆದೇಶವೂ ಅಲ್ಲ, ಯಾವ ರಿಜಿಸ್ಟರೂ ಅಲ್ಲ. ಒಂದೇ ಓಣಿಯಲ್ಲಿ ಮನೆ ಇರೋದು. ಅಕ್ಕನಿಗೆ ಜ್ವರ ಬಂದು ರಜೆ ಹಾಕಿದ ದಿನ ಬೇರೆಯವರು ಸೌಟು ಹಿಡಿತಾರೆ. ಆ ದಿನ ಲೋಟ ಖಾಲಿ ಇರುತ್ತಾ?

ಇನ್ನೊಂದು ಮಾತೂ ಅವರು ಹೇಳಿದರು. ಬೇರೆ ಮಕ್ಕಳು ಕೇಳ್ತಾರಂತೆ, "ಆಕಿಗಿ ಯಾಕ್ ಕೊಡಂಗಿಲ್ಲ?" ಅಂತ. ಈ ಪ್ರಶ್ನೆ ನಮ್ಮ ಊರಲ್ಲಿ ಬಹಳ ಆಳದ್ದು. ಕಲಬುರಗಿ ಶರಣಬಸವೇಶ್ವರರ ದಾಸೋಹದ ಊರು. ಹನ್ನೆರಡನೇ ಶತಮಾನದ ಶರಣರಿಂದ ಬಂದ ಆ ಪದವನ್ನೇ ಸರ್ಕಾರ ತನ್ನ ಯೋಜನೆಗೆ ಇಟ್ಟುಕೊಂಡಿದೆ. ಒಂದೇ ಸಾಲು, ಒಂದೇ ಊಟ, ಪಂಕ್ತಿಭೇದ ಇಲ್ಲ. ಜಾತಿ ನೋಡಿ ಬೇರೆ ಕೂರಿಸಿದ ನಾಡಿನಲ್ಲಿ ಈ ತತ್ವ ದೊಡ್ಡದು. ಶಾಲೆಯ ಊಟದಲ್ಲಿ ಅದನ್ನು ಉಳಿಸಿಕೊಳ್ಳೋಕೆ ಇವತ್ತಿಗೂ ಹೆಣಗಾಡಬೇಕಿದೆ.

ಹಂಗಾದರೆ ಒಂದು ಮಗುವಿಗೆ ಬೇರೆ ಬಡಿಸೋದು ಪಂಕ್ತಿಭೇದ ಆಗುತ್ತಾ? ನನಗನ್ನಿಸೋದು ಇಷ್ಟು. ಪಂಕ್ತಿಭೇದ ಅಂದರೆ ಕೆಲವರನ್ನು ಕೀಳಾಗಿ ಕಂಡು ಸಾಲಿನಿಂದ ಎಬ್ಬಿಸೋದು. ಇಲ್ಲಿ ಮಾಡಬೇಕಿರೋದು ಮಗು ಅದೇ ಸಾಲಿನಲ್ಲಿ, ಗೆಳತಿಯರ ಪಕ್ಕದಲ್ಲೇ ಕೂತು ಉಣ್ಣೋ ಹಂಗೆ ನೋಡಿಕೊಳ್ಳೋದು. ಮೂಲೆಯಲ್ಲಿ ಬೇರೆ ಕೂರಿಸಿದರೆ ಅದು ಭೇದವೇ. ಮನೆಯಿಂದ ಡಬ್ಬಿ ತಂದ್ಕೋ ಅಂತ ಕೈ ತೊಳ್ಕೊಂಡರೆ ಅದೂ ಭೇದವೇ, ಯಾಕಂದ್ರೆ ಶಾಲೆಯ ಊಟ ಆ ಮಗುವಿನ ಹಕ್ಕು. ಕೂಲಿಗೆ ಹೋಗೋ ತಾಯಿ ಬೆಳಗಿನ ಜಾವ ಎದ್ದು ಡಬ್ಬಿ ಕಟ್ಟೋಕೆ ಆಗದೇ ಇದ್ದದ್ದಕ್ಕೇ ಅಲ್ವಾ ಈ ಯೋಜನೆ ಬಂದದ್ದು?

ಎರಡನೇ ಸಲ ಕೇಳಿದ ಊಟ

ಬೇರೆ ದೇಶಗಳು ಇದನ್ನು ಕಲಿತದ್ದು ಮಕ್ಕಳನ್ನು ಕಳ್ಕೊಂಡ ಮೇಲೆ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2003ರಲ್ಲಿ 13 ವರ್ಷದ ಹುಡುಗಿ ಶಾಲೆಯ ಕ್ಯಾಂಟೀನಿನ ಫ್ರೆಂಚ್ ಫ್ರೈಸ್ ತಿಂದು ಸತ್ತಳು. ಅವಳಿಗೆ ಹಾಲಿನ ಅಲರ್ಜಿ ಇತ್ತು. ಫ್ರೈಸ್‌ನಲ್ಲಿ ಹಾಲು ಇರಲಿಲ್ಲ, ಆದರೆ ಬಡಿಸುವಾಗ ಚೀಸ್ ಅಂಶ ತಗುಲಿತ್ತು ಅಂತ ತಿಳಿಯಲಾಯಿತು. 2005ರಲ್ಲಿ ಅವಳ ಹೆಸರಲ್ಲೇ ಸಬ್ರಿನಾ ಕಾನೂನು ಬಂತು, 2006ರ ಜನವರಿ 1ರಿಂದ ಜಾರಿ. ಪ್ರತಿ ಶಾಲೆಗೂ ಅನಾಫಿಲ್ಯಾಕ್ಸಿಸ್ ಯೋಜನೆ, ಸಿಬ್ಬಂದಿಗೆ ತರಬೇತಿ, ಪ್ರತಿ ಅಲರ್ಜಿ ಮಗುವಿಗೂ ಅದರದೇ ಆದ ಪ್ಲಾನ್ ಕಡ್ಡಾಯ.

ನಮಗೆ ಇನ್ನೂ ಹತ್ತಿರದ ಕಥೆ ಜಪಾನಿನದು, ಯಾಕಂದ್ರೆ ಅಲ್ಲೂ ನಮ್ಮ ಹಂಗೆ ಶಾಲೆಯೇ ಎಲ್ಲರಿಗೂ ಊಟ ಹಾಕುತ್ತೆ. 2012ರ ಡಿಸೆಂಬರ್, ಟೋಕಿಯೋ ಪಕ್ಕದ ಚೋಫು ನಗರ. ಐದನೇ ಕ್ಲಾಸಿನ ಹುಡುಗಿಗೆ ಹಾಲಿನ ಅಲರ್ಜಿ ಇರೋದು ಶಾಲೆಗೆ ಗೊತ್ತಿತ್ತು. ಅವಳಿಗೆ ಚೀಸ್ ಇಲ್ಲದ ದೋಸೆಯಂಥ ತಿಂಡಿ ಬೇರೆ ಮಾಡಿ ಕೊಟ್ಟಿದ್ದರು. ಮೊದಲ ಸಲ ಎಲ್ಲ ಸರಿ. ಎರಡನೇ ಸಲ ಅವಳು ಇನ್ನೊಂದು ಕೇಳಿದಾಗ ಎಲ್ಲರಿಗೂ ಮಾಡಿದ ಚೀಸ್ ಇರೋ ತಿಂಡಿ ತಟ್ಟೆಗೆ ಬಿತ್ತು. ಇಂಜೆಕ್ಷನ್ ಅವಳ ಬಳಿಯೇ ಇತ್ತು. ಆದರೆ ಅದನ್ನು ಚುಚ್ಚೋದು ತಡವಾಯಿತು. ಹುಡುಗಿ ಉಳಿಯಲಿಲ್ಲ. ಅಲ್ಲಿನ ಶಿಕ್ಷಣ ಸಚಿವಾಲಯ 2015ರಲ್ಲಿ ಶಾಲೆ ಊಟದ ಅಲರ್ಜಿಗೇ ಅಂತ ಮಾರ್ಗಸೂಚಿ ತಂತು.

ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಪಟ್ಟಿ ಇತ್ತು, ಬೇರೆ ಅಡುಗೆ ಇತ್ತು, ಮದ್ದೂ ಇತ್ತು. ತಪ್ಪಿದ್ದು ಎರಡೇ ಕಡೆ: ಎರಡನೇ ಸಲ ಬಡಿಸೋವಾಗ, ಮತ್ತು ಸೂಜಿ ಚುಚ್ಚೋ ಧೈರ್ಯ ಬರೋ ಹೊತ್ತಿಗೆ ಕಳೆದ ನಿಮಿಷಗಳಲ್ಲಿ. ಅಷ್ಟೆಲ್ಲ ಇದ್ದ ಕಡೆಯೇ ಹಿಂಗಾದರೆ, ಅಕ್ಕನ ನೆನಪಿನ ಮೇಲೆ ನಡೆಯೋ ನಮ್ಮ ಕಡೆ?

ಹಂಗಾದರೆ ಮೊಟ್ಟೆ ನಿಲ್ಲಿಸಬೇಕಾ?

ಬೇಡ. ಇದನ್ನು ಸ್ಪಷ್ಟವಾಗಿ ಹೇಳ್ತೀನಿ, ಯಾಕಂದ್ರೆ ಈ ಎಪಿಸೋಡಿನ ಒಂದು ತುಂಡು ಕಟ್ ಮಾಡಿ "ಮೊಟ್ಟೆಯಿಂದ ಮಕ್ಕಳಿಗೆ ಅಪಾಯ" ಅಂತ ವಾಟ್ಸಾಪ್‌ನಲ್ಲಿ ಬಿಡೋರು ಇರ್ತಾರೆ.

ಲೆಕ್ಕ ನೋಡೋಣ. ಯೂರೋಪ್ರಿವಾಲ್ ಅನ್ನೋ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನದ ಭಾರತದ ಭಾಗ ನಮ್ಮ ಕರ್ನಾಟಕದಲ್ಲೇ ನಡೆಯಿತು. 2020ರಲ್ಲಿ ಪ್ರಕಟವಾದ ಅದರ ಮಕ್ಕಳ ಅಂಕಿಯ ಪ್ರಕಾರ ಭಾರತದ ಶಾಲಾಮಕ್ಕಳಲ್ಲಿ ಆಹಾರ ಅಲರ್ಜಿ ಶೇಕಡಾ 0.14. ಹಾಂಗ್‌ಕಾಂಗ್‌ನಲ್ಲಿ ಅದೇ ಶೇಕಡಾ 1.5. ಅಂದರೆ ನಮ್ಮಲ್ಲಿ ಬಹಳ ಕಡಿಮೆ, ಸುಮಾರು 700 ಮಕ್ಕಳಿಗೆ ಒಬ್ಬರು. ಆದರೆ ಕಡಿಮೆ ಶೇಕಡಾವನ್ನು ದೊಡ್ಡ ಸಂಖ್ಯೆಗೆ ಗುಣಿಸಿ ನೋಡಿ. 55 ಲಕ್ಷ ಮಕ್ಕಳಿಗೆ 0.14 ಅಂದರೆ 7,700. ಇದು ನಾನು ಕ್ಯಾಲ್ಕುಲೇಟರ್‌ನಲ್ಲಿ ಮಾಡಿದ ಅಂದಾಜು, ಸರ್ಕಾರದ ಅಂಕಿ ಅಲ್ಲ. ಅವರಲ್ಲಿ ಎಲ್ಲರಿಗೂ ತೀವ್ರ ಅಲರ್ಜಿ ಇರಲ್ಲ. ಆದರೂ ಇಷ್ಟು ಮಕ್ಕಳನ್ನು ಗುರುತಿಸೋದು ಯಾವ ರಾಜ್ಯಕ್ಕೂ ಕಷ್ಟದ ಕೆಲಸವಲ್ಲ.

ಉಳಿದ 699 ಮಕ್ಕಳಿಗೆ ಮೊಟ್ಟೆ, ಹಾಲು ಬೇಕೇ ಬೇಕು. ಒಬ್ಬರಿಗಾಗಿ ಎಲ್ಲರ ತಟ್ಟೆ ಖಾಲಿ ಮಾಡೋದು ಉತ್ತರ ಅಲ್ಲ. ಹಂಗೆ ಹೆದರಿ ದೂರ ಇಟ್ಟರೆ ಏನಾಗುತ್ತೆ ಅಂತ ಇತಿಹಾಸವೇ ತೋರಿಸಿದೆ. 2000ದಲ್ಲಿ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ, ಅಲರ್ಜಿ ಹಿನ್ನೆಲೆ ಇರೋ ಮನೆಗಳಲ್ಲಿ ಮಗುವಿಗೆ 3 ವರ್ಷ ಆಗೋವರೆಗೂ ಶೇಂಗಾ ಕೊಡಬೇಡಿ ಅಂದಿತು. 2008ರಲ್ಲಿ ಆ ಸಲಹೆ ವಾಪಸ್. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡದ ಲೀಪ್ ಅಧ್ಯಯನ ಇದಕ್ಕೆ ಉಲ್ಟಾ ತೋರಿಸಿತು. ಅಪಾಯ ಹೆಚ್ಚಿರೋ ಕೂಸುಗಳಿಗೂ ವೈದ್ಯರ ನಿಗಾದಲ್ಲಿ ಮೊದಲ ವರ್ಷದಲ್ಲೇ ಶೇಂಗಾ ಶುರು ಮಾಡಿದರೆ, ಮುಂದೆ ಶೇಂಗಾ ಅಲರ್ಜಿ ಶೇಕಡಾ 80ರಷ್ಟು ಕಡಿಮೆ. ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಮೇಲೆ ಬದುಕೋ ನಮ್ಮ ಕಡೆಯವರಿಗೆ ಇದು ಖುಷಿಯ ಸುದ್ದಿ. ಆದರೆ ಅಲರ್ಜಿ ಈಗಾಗಲೇ ಇರೋ ಮಗುವಿಗೆ "ಸ್ವಲ್ಪ ಸ್ವಲ್ಪ ತಿನ್ಸಿ ರೂಢಿ ಮಾಡ್ರಿ" ಅಂತ ಮನೆಯಲ್ಲಿ ಪ್ರಯೋಗ ಮಾಡೋ ಹಂಗಿಲ್ಲ. ರಿಶೆಯ ನಾಯಿ ನೆನಪಿದೆಯಲ್ಲ?

ಇನ್ನೊಂದು ಎಚ್ಚರಿಕೆ. ಅದೇ ಯೂರೋಪ್ರಿವಾಲ್‌ನ ದೊಡ್ಡವರ ಅಧ್ಯಯನದಲ್ಲಿ ರಕ್ತ ಪರೀಕ್ಷೆ ಪಾಸಿಟಿವ್ ಬಂದವರು ಶೇಕಡಾ 26.5, ನಿಜವಾಗಿ ಆಹಾರ ಅಲರ್ಜಿ ಇದ್ದವರು ಶೇಕಡಾ 1.2 ಮಾತ್ರ. ಹಂಗಾಗಿ ಲ್ಯಾಬಿನ ಆಫರ್ ಪ್ಯಾಕೇಜ್ ನೋಡಿ ಮಗುವಿಗೆ ಹತ್ತು ಪದಾರ್ಥ ಬಂದ್ ಮಾಡಬೇಡಿ. ತಿಂದಾಗ ಏನಾಯಿತು ಅನ್ನೋದನ್ನು ಡಾಕ್ಟರಿಗೆ ಹೇಳಿ, ಅವರು ನಿರ್ಧರಿಸಲಿ.

35 ಕಿಲೋಮೀಟರ್, 30 ನಿಮಿಷ

ಈಗ ಮದ್ದಿನ ವಿಷಯ. ಬ್ರಿಟನ್ನಿನಲ್ಲಿ ಅನಾಫಿಲ್ಯಾಕ್ಸಿಸ್‌ನಿಂದ ಸತ್ತವರ ಬಗ್ಗೆ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಆಹಾರದಿಂದ ಸತ್ತವರಲ್ಲಿ ಉಸಿರು ಅಥವಾ ಹೃದಯ ನಿಲ್ಲೋಕೆ ತಗೊಂಡ ಸಮಯದ ಮಧ್ಯಮ ಅಂಕಿ 30 ನಿಮಿಷ. ಕಮಲಾಪುರದಿಂದ ಕಲಬುರಗಿಯ ದೊಡ್ಡಾಸ್ಪತ್ರೆಗೆ 35 ಕಿಲೋಮೀಟರ್. ಅದರ ಸುತ್ತಲಿನ ಹಳ್ಳಿಗಳಿಂದ ಇನ್ನೂ ಜಾಸ್ತಿ. 2008ರಿಂದ ನಮ್ಮಲ್ಲಿ 108 ಆಂಬುಲೆನ್ಸ್ ಇದೆ, ಅದು ಸಾವಿರಾರು ಜೀವ ಉಳಿಸಿದೆ. ಆದರೂ ಈ ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟು ನೋಡಿ.

ಹೊರದೇಶಗಳಲ್ಲಿ ಪೆನ್ನಿನಂಥ ಇಂಜೆಕ್ಷನ್ ಸಿಗುತ್ತೆ, ತೊಡೆಗೆ ಒತ್ತಿದರೆ ಸಾಕು. ಅಮೆರಿಕದಲ್ಲಿ 1987ರಲ್ಲಿ ಎಪಿಪೆನ್‌ಗೆ ಒಪ್ಪಿಗೆ ಸಿಕ್ಕಿತು. 2016ಕ್ಕೆ ಎರಡು ಪೆನ್ನಿನ ಪ್ಯಾಕ್‌ಗೆ ಸುಮಾರು 600 ಡಾಲರ್ ಮಾಡಿ ಕಂಪನಿ ಬೈಸಿಕೊಂಡಿತು. ಭಾರತದ ಮೆಡಿಕಲ್ ಶಾಪ್‌ಗಳಲ್ಲಿ ಆ ಪೆನ್ನು ಮಾಮೂಲಿಯಾಗಿ ಸಿಗಲ್ಲ. ಆದರೆ ಅದರೊಳಗಿನ ಮದ್ದು, ತಕಮಿನೆಯ ಅಡ್ರಿನಲಿನ್, ಗಾಜಿನ ಆಂಪ್ಯೂಲ್ ರೂಪದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇರುತ್ತೆ. ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ.

ಹಳ್ಳಿಯಲ್ಲಿ ಅದನ್ನು ಕೊಡೋರು ಯಾರು ಅಂತೀರಾ? ಉತ್ತರ ನೀವೇ ನೋಡಿದ್ದೀರಿ. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಕೂರಿಸಿದ್ದರಲ್ಲ, ಸೆಲ್ಫಿ ತಗೋತಾ ಕೂತಿದ್ರಲ್ಲ, ಅದು ಇದಕ್ಕೇ. ಯಾರಿಗಾದರೂ ಅನಾಫಿಲ್ಯಾಕ್ಸಿಸ್ ಆದರೆ ಅಂತ. ಅದಕ್ಕೂ ಮುಂಚೆಯೇ, ಮಕ್ಕಳ ಲಸಿಕೆಯ ದಿನ ಎಎನ್ಎಂ ಸಿಸ್ಟರ್‌ಗಳ ಬಳಿ ಅನಾಫಿಲ್ಯಾಕ್ಸಿಸ್ ಕಿಟ್ ಇರಬೇಕು, ಅನುಮಾನ ಬಂದರೆ ಒಂದು ಡೋಸ್ ಅಡ್ರಿನಲಿನ್ ಕೊಟ್ಟು ಆಸ್ಪತ್ರೆಗೆ ಕಳಿಸಬೇಕು ಅಂತ ಕೇಂದ್ರ ಆರೋಗ್ಯ ಇಲಾಖೆ ಮಾರ್ಗಸೂಚಿ ಮಾಡಿದೆ. ಅಂದರೆ ಮದ್ದು ಇದೆ, ಕಿಟ್ ಇದೆ, ತರಬೇತಿಯ ಪಾಠ ಇದೆ. ಎಷ್ಟೋ ಹಳ್ಳಿಗಳಲ್ಲಿ ಲಸಿಕೆ ಹಾಕೋದು ಶಾಲೆ, ಅಂಗನವಾಡಿ ಕಟ್ಟಡಗಳಲ್ಲೇ. ಲಸಿಕೆ ಹಾಕೋ ದಿನ ಅಲ್ಲಿಗೆ ಬರೋ ಕಿಟ್, ಊಟ ಹಾಕೋ ದಿನ ಇರಲ್ಲ. ಊಟವೋ ವಾರಕ್ಕೆ 6 ದಿನ.

ಮುಂದಿನ ಕಾಲಂ

ತಟ್ಟೆಯ ಈ ಇತಿಹಾಸ ನೋಡಿದರೆ ಒಂದು ಕ್ರಮ ಕಾಣುತ್ತೆ. ಮೊದಲು ಹೊಟ್ಟೆ ತುಂಬಲಿ ಅಂದ್ವಿ, ಧಾನ್ಯ ಬಂತು, ಬಿಸಿಯೂಟ ಬಂತು. ಆಮೇಲೆ ಪೌಷ್ಟಿಕತೆ ಅಂದ್ವಿ, ಹಾಲು ಮೊಟ್ಟೆ ಬಂತು. ವಿಷ ಬೀಳಬಾರದು ಅಂದ್ವಿ, ರುಚಿ ನೋಡೋ ರಿಜಿಸ್ಟರ್ ಬಂತು. ನಂಬಿಕೆಗೆ ಗೌರವ ಅಂದ್ವಿ, ಬಾಳೆಹಣ್ಣು ಬಂತು. ಪ್ರತಿ ಸಲ ಯಾರೋ ಕೇಳಿದ್ದಕ್ಕೇ ಒಂದು ಕಾಲಂ ಸೇರಿದೆ. ಈ ಮಕ್ಕಳ ಕಾಲಂ ಇನ್ನೂ ಬಂದಿಲ್ಲ, ಅವರ ಪರವಾಗಿ ಕೇಳೋರು ಕಡಿಮೆ ಇದ್ದದ್ದಕ್ಕೆ. ನಮ್ಮ ಶಾಲಾ ಆರೋಗ್ಯ ತಪಾಸಣೆಯಲ್ಲಿ ಹಲ್ಲು, ಕಣ್ಣು, ಹೃದಯ, ಉಬ್ಬಸ ಎಲ್ಲ ಕೇಳ್ತಾರೆ. "ಏನಾದರೂ ತಿಂದರೆ ಆಗಲ್ಲವಾ?" ಅಂತ ಕೇಳೋಕೆ ಇನ್ನೊಂದು ನಿಮಿಷ ಸಾಕು.

ಬೇಕಾಗಿರೋದು ದೊಡ್ಡ ಬಜೆಟ್ ಅಲ್ಲ. ದಾಖಲಾತಿ ಫಾರ್ಮಿನಲ್ಲಿ ಒಂದು ಸಾಲು. ಅಡುಗೆ ಮನೆಯ ಗೋಡೆ ಮೇಲೆ, ಹಿಡಿದ ಸೌಟು ಯಾರದೇ ಇರಲಿ ಕಾಣೋ ಹಂಗೆ, ಆ ಮಕ್ಕಳ ಹೆಸರು ಮತ್ತು ಪದಾರ್ಥ. ಅವರಿಗೆ ಮೊದಲು ಬಡಿಸೋದು, ಬೇರೆ ಸೌಟಿನಲ್ಲಿ. ಎರಡನೇ ಸಲ ಕೇಳಿದಾಗಲೂ ಅದೇ ಎಚ್ಚರ. ಸಿಸ್ಟರ್‌ಗೆ, ಟೀಚರ್‌ಗೆ, ಅಡುಗೆ ಅಕ್ಕನಿಗೆ ಒಂದು ದಿನದ ತರಬೇತಿ: ತುಟಿ ಊತ, ಉಸಿರಾಟದ ತೊಂದರೆ ಕಂಡರೆ ಮಗುವನ್ನು ನಡೆಸಬೇಡಿ, ಮಲಗಿಸಿ ಕಾಲು ಎತ್ತರಕ್ಕಿಡಿ, ಉಸಿರು ಕಟ್ಟುತ್ತಿದ್ದರೆ ಕೂರಿಸಿ, ಕೂಡಲೇ 108ಕ್ಕೆ ಫೋನ್ ಮಾಡಿ, ಅಡ್ರಿನಲಿನ್ ಇರೋ ಹತ್ತಿರದ ಕೇಂದ್ರ ಯಾವುದು ಅಂತ ಮೊದಲೇ ತಿಳಿದಿರಲಿ. ನಿಂಬೆಹಣ್ಣು, ಮಜ್ಜಿಗೆ, ದೃಷ್ಟಿ ತೆಗೆಯೋದರಲ್ಲಿ ನಿಮಿಷ ಕಳೀಬೇಡಿ.

ಕೇಳ್ತಿರೋ ನಿಮ್ಮಲ್ಲಿ ಬಹಳ ಮಂದಿಗೆ ಇನ್ನೂ ಮಕ್ಕಳಿಲ್ಲ, ನನಗೂ ಇಲ್ಲ. ಆದರೆ ತಮ್ಮ, ತಂಗಿ, ಅಕ್ಕನ ಮಗ, ಪಕ್ಕದ ಮನೆಯ ಹುಡುಗಿ ಯಾರೋ ಒಬ್ಬರು ಸರ್ಕಾರಿ ಶಾಲೆಗೆ ಹೋಗ್ತಾರೆ. ಮುಂದಿನ ಎಸ್‌ಡಿಎಂಸಿ ಸಭೆ ಯಾವಾಗ ಅಂತ ಕೇಳಿ, ಹೋಗಿ, ಈ ಒಂದು ಸಾಲು ಸೇರಿಸಿ ಅಂತ ಹೇಳಿ. ಜಿಲ್ಲಾಧಿಕಾರಿಯ ಆದೇಶ ಬರೋವರೆಗೂ ಕಾಯಬೇಕಿಲ್ಲ. ಒಂದು ಹಾಳೆ, ಒಂದು ಮಾರ್ಕರ್ ಪೆನ್ನು, ಗೋಡೆಗೆ ಅಂಟಿಸೋಕೆ ಸ್ವಲ್ಪ ಗೋಂದು. ನಾಳೆ ಬೆಳಿಗ್ಗೆನೇ ಮಾಡಬಹುದು.

ಮುಂದಿನ ವಾರ ಸಿಗೋಣ. ಅಲ್ಲೀತನಕ ಆರಾಮಿರ್ರಿ, ಉಂಡು ಮಲಗ್ರಿ.